ಅವ್ವ ಸುಮ್ಮನಾದ ಮೂರು ತಿಂಗಳು

ನಮ್ಮ ಅಕ್ಕನ ಮಗ ಈಗ ಎರಡನೇ ಕ್ಲಾಸು. ಹಲ್ಲುಜ್ಜುವಾಗ ಬಾಯಿ ತುಂಬ ನೊರೆ ಇಟ್ಟುಕೊಂಡೇ ಮಾತಾಡುತ್ತಾನೆ. ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ಒಣಗುತ್ತದೆ, ಮಾತು ಮುಗಿಯುವುದಿಲ್ಲ. ಹೋದ ವಾರ ಸ್ಕೂಲಿನ ಮಿಸ್ಸು ಅಕ್ಕನನ್ನು ಕರೆಸಿ, "ನಿಮ್ ಹುಡುಗನ್ನ ಯಾರ ಪಕ್ಕ ಕೂರಿಸಿದ್ರೂ ಅವರೂ ಕೆಟ್ಟೋಗ್ತಾರಮ್ಮ. ಗೋಡೆ ಪಕ್ಕ ಕೂರಿಸಿದೆ. ಈಗ ಗೋಡೆ ಜೊತೆ ಮಾತಾಡ್ತಾನೆ" ಅಂದರಂತೆ.

ಅಕ್ಕ ತಲೆ ತಗ್ಗಿಸಿ ಕೇಳಿಸಿಕೊಂಡು, ಗೇಟಿನಾಚೆ ಬಂದದ್ದೇ ನನಗೆ ಫೋನ್ ಮಾಡಿ ನಕ್ಕಳು. ನಕ್ಕೂ ನಕ್ಕೂ ಆಮೇಲೆ, "ನೆನಪದೇನೇ?" ಅಂದಳು. ಅವಳಿಗೆ ಏನು ನೆನಪಾಯಿತು ಅಂತ ನಾನು ಕೇಳಲಿಲ್ಲ. ನನಗೂ ಅದೇ ನೆನಪಾಗಿತ್ತು. ಆ ಹುಡುಗನ ಬಾಯಿಂದ ಒಂದೇ ಒಂದು ಮಾತು ಬೀಳಲಿ ಅಂತ ಇಡೀ ಮನೆ ಕಾಯುತ್ತಿದ್ದ ವರ್ಷ.

ಆಗ ನಾವೆಲ್ಲ ಆಂಡರ್ಸನ್‌ಪೇಟೆಯ ಕೊನೆಯಲ್ಲಿ, ಹಿಂದೆ ಕೊಟ್ಟಿಗೆ ಇರುವ ಬಾಡಿಗೆ ಮನೆಯಲ್ಲಿದ್ದೆವು. ಅಮ್ಮ ಎರಡು ಸೀಮೆ ಹಸು ಸಾಕಿಕೊಂಡು ಸುತ್ತಲಿನ ಮನೆಗಳಿಗೆ ಹಾಲು ಹಾಕುತ್ತಿದ್ದಳು. ಅಕ್ಕ ದಿನಾ ಮಾರಿಕುಪ್ಪಂನಿಂದ ಹೊರಡುವ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿ ಕತ್ತಲಾಗುವ ಹೊತ್ತಿಗೆ ಬರುತ್ತಿದ್ದಳು. ಭಾವ ಆಟೋ ಓಡಿಸುತ್ತಿದ್ದರು. ನಾನು ಡಿಗ್ರಿ ಮುಗಿಸಿ, ಕಾಂಪಿಟಿಟಿವ್ ಪರೀಕ್ಷೆಗೆ ಓದುತ್ತೀನಿ ಅಂತ ಹೇಳಿಕೊಂಡು ಮನೆಯಲ್ಲಿದ್ದೆ. ಮಗುವನ್ನು ನಾವೆಲ್ಲ ಪುಟ್ಟ ಅಂತ ಕರೆಯುತ್ತಿದ್ದೆವು. ಹಗಲೆಲ್ಲ ಅವನು ಇರುತ್ತಿದ್ದದ್ದು ಅವ್ವನ ಹತ್ತಿರ.

ಅವ್ವ ಅಂದರೆ ನಮ್ಮಮ್ಮನ ತಾಯಿ. ಕುಪ್ಪಂ ಕಡೆಯ ಹಳ್ಳಿಯವಳು. ಮೊಮ್ಮಗಳ ಬಾಣಂತನಕ್ಕೆ ಅಂತ ಬಂದವಳು ಮಗುವನ್ನು ಬಿಟ್ಟು ಹೋಗಲಾರದೆ ಇಲ್ಲೇ ಉಳಿದಳು. ಅವಳಿಗೆ ತೆಲುಗು ಬಿಟ್ಟರೆ ಬೇರೆ ಭಾಷೆ ಇಲ್ಲ. ಕನ್ನಡ ಅಂದರೆ ಬಾ, ಓಗು, ಬೇಡ, ಉಣ್ಣು, ಅಷ್ಟೇ. ಆದರೆ ಆ ತೆಲುಗು ಮಾತ್ರ ನಲ್ಲಿ ಬಿಟ್ಟ ಹಾಗೆ. ಪುಟ್ಟನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕೊಟ್ಟಿಗೆಗೆ ಹೋದರೆ ಹಸುವಿನ ಕೊಂಬಿನಿಂದ ಶುರು ಮಾಡಿ ಬಾಲದವರೆಗೆ ಹೇಳುತ್ತಿದ್ದಳು. ಕಾಗೆ ಬಂದರೆ ಕಾಗೆಯ ಜೊತೆ ಜಗಳ. ಗಾಳಿ ಬಂದು ಮುಚ್ಚಿದ ಚಿನ್ನದ ಗಣಿಯ ಸೈನೈಡ್ ದಿಬ್ಬದ ಬಿಳಿ ಧೂಳು ಒಣಗಲು ಹಾಕಿದ ಬಟ್ಟೆ ಮೇಲೆ ಕೂತರೆ ಗಾಳಿಗೆ ಬೈಗುಳ. ಪುಟ್ಟ ಅವಳ ಬಾಯನ್ನೇ ನೋಡುತ್ತಾ ಕೂತಿರುತ್ತಿದ್ದ.

ಅವನಿಗೆ ಗೌರಿ ಹಬ್ಬದ ಹೊತ್ತಿಗೆ ಎರಡು ತುಂಬಿತು. ಒಂದು ಮಾತಿಲ್ಲ. ಬೇಕಾದದ್ದರ ಕಡೆ ಕೈ ತೋರಿಸುತ್ತಿದ್ದ, "ಊಂ" ಅನ್ನುತ್ತಿದ್ದ, ಕೈ ಹಿಡಿದು ಎಳೆದುಕೊಂಡು ಹೋಗುತ್ತಿದ್ದ. ನಾವು ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತಿತ್ತು. ಚಪ್ಪಲಿ ತಾ ಅಂದರೆ ತರುತ್ತಿದ್ದ, ಅದೂ ಜೋಡಿ ಸರಿಯಾಗಿ. ಮಾತು ಮಾತ್ರ ಇಲ್ಲ.

ಹಬ್ಬಕ್ಕೆ ಬಂಗಾರಪೇಟೆಯಿಂದ ಭಾವನ ಅಕ್ಕ ಬಂದಿದ್ದರು. ಒಳ್ಳೆಯವರೇ. ಪುಟ್ಟನ ಗಲ್ಲ ಹಿಡಿದು, "ಯಾಕ್ಲಾ, ಇನ್ನೂ ಬಾಯ್ ಬಿಟ್ಟಿಲ್ವಾ?" ಅಂತ ಕೇಳಿ, ನಮ್ಮ ಕಡೆ ತಿರುಗಿ ಹೇಳಿದರು: "ಬರೋದೆಂಗೆ? ಅವ್ವ ತೆಲುಗು, ಪಕ್ಕದ ಮನೆ ತಮಿಳು, ನೀವು ಕನ್ನಡ. ಮಗೂಗೆ ಯಾವ್ದು ಇಡ್ಕೊಳೋದು ಅಂತ ತಿಳೀದು. ಸಾಲ್ದು ಅಂತ ತಾಯಿ ಬೇರೆ ಮನೇಲಿರಾಕಿಲ್ಲ."

ಕೊನೆಯ ಮಾತು ಅಕ್ಕನಿಗೆ ಚುಚ್ಚಿತು. ಅವರು ಹೋದ ಮೇಲೆ ಪಾತ್ರೆ ತೊಳೆಯುತ್ತಾ ಹೇಳಿದಳು: "ಸಂಕ್ರಾಂತಿ ಒಳಗೆ ಇವ್ನು ಒಂದ್ ಮಾತಾಡ್ಲಿಲ್ಲ ಅಂದ್ರೆ ಕೆಲ್ಸ ಬುಟ್ಬುಡ್ತೀನಿ." ಆ ಕೆಲಸ ಅವಳಿಗೆ ಎಷ್ಟು ಇಷ್ಟ ಅಂತ ನನಗೆ ಗೊತ್ತು. ಹೆಲ್ಪರ್ ಆಗಿ ಸೇರಿದವಳು ಆ ವರ್ಷ ತಾನೇ ಮಿಷಿನ್ ಮೇಲೆ ಕೂತಿದ್ದಳು. ಕಾಲರ್ ಹೊಲಿಯುವುದನ್ನು ಕಲಿತ ದಿನ ಮನೆಗೆ ಬಂದು ಭಾವನ ಹಳೇ ಶರ್ಟಿನ ಕಾಲರ್ ಬಿಚ್ಚಿ, ಮತ್ತೆ ಹೊಲಿದು ತೋರಿಸಿದ್ದಳು.

ಇಲ್ಲಿ ನಾನು ತಲೆ ಹಾಕಿದೆ. ನನ್ನ ಕೈಯಲ್ಲಿ ಫೋನಿತ್ತು, ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಪುರುಸೊತ್ತಿತ್ತು. ಮಕ್ಕಳ ಮಾತಿನ ಬಗ್ಗೆ ಸಿಕ್ಕಿದ ವಿಡಿಯೋ ಎಲ್ಲ ನೋಡಿದೆ, ಸಿಕ್ಕಿದ್ದೆಲ್ಲ ಓದಿದೆ. ಪರೀಕ್ಷೆಗೆ ಅಂತ ತಂದಿದ್ದ ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಅಷ್ಟು ಮನಸ್ಸಿಟ್ಟು ನಾನು ಡಿಗ್ರಿಗೂ ಓದಿರಲಿಲ್ಲ. ಒಂದು ವಿಡಿಯೋದಲ್ಲಿ ಯಾರೋ ಒಬ್ಬರು, ಮಾತು ತಡವಾದ ಮಗುವಿಗೆ ಒಂದೇ ಭಾಷೆ ಇರಲಿ ಅಂದರು. ಹೇಳಿದವರು ಯಾರು, ಏನು ಓದಿದ್ದಾರೆ ಅಂತ ನಾನು ನೋಡಲಿಲ್ಲ. ಭಾವನ ಅಕ್ಕ ಹೇಳಿದ್ದೂ ಅದೇ, ಫೋನ್ ಹೇಳಿದ್ದೂ ಅದೇ ಅಂದಮೇಲೆ ಮುಗಿಯಿತು.

ಭಾನುವಾರ ಎಲ್ಲರನ್ನೂ ಕೂರಿಸಿಕೊಂಡು ರೂಲ್ಸ್ ಹೇಳಿದೆ. ಪುಟ್ಟನ ಎದುರು ಇನ್ನು ಮೇಲೆ ಬರೀ ಕನ್ನಡ. ಅವನು ಕೈ ತೋರಿಸಿದರೆ ಕೊಡಬೇಡಿ, "ಹೇಳು" ಅನ್ನಿ. ಗೋಡೆಗೆ, ಕನ್ನಡಿಗೆ, ಅಕ್ಕಿ ಡಬ್ಬಕ್ಕೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿದೆ. ಓದಲು ಬರದ ಎರಡು ವರ್ಷದ ಮಗುವಿಗೆ! ಈಗ ನೆನೆದರೆ ನನಗೇ ನಗು ಬರುತ್ತದೆ.

"ಇಡೀ ದಿನ ಆ ಫೋನ್ ಒಳಗೇ ಇರ್ತೀಯ," ಅಂದಳು ಅಮ್ಮ. "ಅದ್ರಲ್ಲೇ ಒಂದ್ ಮಾತು ತಗ್ದು ಮಗೀಗ್ ಕೊಡಬಾರ್ದಾ?"

ಪಕ್ಕದ ಮನೆಯ ತಮಿಳು ಅತ್ತೆಗೂ ಹೇಳಿ ಬಂದೆ. ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡು ನಕ್ಕುಬಿಟ್ಟರು. "ಏ ಉಡುಗಿ, ನನ್ ಕನ್ನಡ ಕೇಳಿದ್ರೆ ಅವ್ನು ಕಲ್ತಿರೋ 'ಊಂ' ಕೂಡ ಮರ್ತೋಯ್ತಾನೆ!" ಅಂದರು. ಆದರೂ ಮಗುವಿನ ವಿಷಯ ಅಂತ ಒಪ್ಪಿಕೊಂಡು, ಕಾಂಪೌಂಡಿನ ಆಚೆಯಿಂದ ಪುಟ್ಟನನ್ನು ಕಂಡರೆ ಬರೀ ಕೈ ಬೀಸತೊಡಗಿದರು.

ಅವ್ವನಿಗೆ ಅಮ್ಮನೇ ತೆಲುಗಿನಲ್ಲಿ ತಿಳಿಸಿ ಹೇಳಿದಳು. ಅವ್ವ ಎಲ್ಲ ಕೇಳಿಸಿಕೊಂಡು ಸೆರಗಿನಿಂದ ಪುಟ್ಟನ ಮೂಗು ಒರೆಸಿ, ತಲೆ ಆಡಿಸಿದಳು. ಅಷ್ಟೇ. ವಾದ ಮಾಡಲಿಲ್ಲ. ಅವಳು ವಾದ ಮಾಡದೇ ಇದ್ದಾಗಲೇ ನನಗೆ ಅನುಮಾನ ಬರಬೇಕಿತ್ತು.

ಆವತ್ತಿನಿಂದ ಶುರುವಾಯಿತು ನನ್ನ ಕ್ಲಾಸು. ಚಿತ್ರದ ಪುಸ್ತಕ ಹಿಡಿದು ಪುಟ್ಟನ ಮುಂದೆ ಕೂರುತ್ತಿದ್ದೆ. "ಇದೇನು? ವಿಮಾನ. ಹೇಳು, ವಿಮಾನ. ಇದೇನು? ಸೇಬು. ಹೇಳು ಪುಟ್ಟ." ಪುಟ್ಟ ಬಾಗಿಲ ಕಡೆ ನೋಡುತ್ತಿದ್ದ. ಅಲ್ಲಿ ಕರು ಮೂಗು ತೂರಿಸಿ ನಿಂತಿರುತ್ತಿತ್ತು. ನಾನು ಅವನ ಮುಖ ಹಿಡಿದು ವಿಮಾನದ ಕಡೆ ತಿರುಗಿಸುತ್ತಿದ್ದೆ. ಕರುವನ್ನು ನೋಡುತ್ತಿರುವವನಿಗೆ ಕರುವಿನ ಬಗ್ಗೆ ಹೇಳಬೇಕು ಅನ್ನುವ ಅಷ್ಟು ಸಣ್ಣ ವಿಷಯ ನನ್ನ ಇನ್ನೂರು ಪುಟದಲ್ಲಿ ಎಲ್ಲೂ ಇರಲಿಲ್ಲ. ಇತ್ತೇನೋ, ನಾನು ಓದಿಕೊಂಡಿರಲಿಲ್ಲ.

ನೀರಿಗೆ ಕೈ ತೋರಿಸಿದರೆ "ನೀರು ಅನ್ನು, ಕೊಡ್ತೀನಿ" ಅಂತ ಲೋಟ ಮೇಲೆ ಹಿಡಿಯುತ್ತಿದ್ದೆ. ಎರಡು ಸಲ ಅತ್ತ. ಮೂರನೇ ಸಲದಿಂದ ನನ್ನ ಹತ್ತಿರ ನೀರು ಕೇಳುವುದನ್ನೇ ಬಿಟ್ಟ. ಅವ್ವನ ಸೆರಗು ಎಳೆಯುತ್ತಿದ್ದ. ಅವ್ವ ಎದ್ದು, ಬಾಯಿ ಬಿಡದೆ, ನೀರು ಕುಡಿಸಿ, ಬಾಯಿ ಬಿಡದೆ ಬಂದು ಕೂರುತ್ತಿದ್ದಳು.

ಮನೆ ಎಷ್ಟು ಬದಲಾಗಿತ್ತು ಅಂತ ನನಗೆ ಗೊತ್ತಾಗಲೇ ಇಲ್ಲ. ಅವ್ವ ಅವನಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದಳು, ಮಾತಿಲ್ಲ. ಎಣ್ಣೆ ಹಚ್ಚಿ ನೀರು ಹಾಕುತ್ತಿದ್ದಳು, ಮಾತಿಲ್ಲ. ಕಾಗೆ ಬಂದು ಕೂಗಿ ಬೈಸಿಕೊಳ್ಳದೆ ಹಾರಿಹೋಗುತ್ತಿತ್ತು. ನಾವೆಲ್ಲರೂ ಪುಟ್ಟನ ಬಾಯಿಗೇ ಕಿವಿ ಕೊಟ್ಟು ಕೂತಿದ್ದೆವು. ಅವ್ವನ ಕಡೆ ಯಾರ ಕಿವಿಯೂ ಇರಲಿಲ್ಲ. ಒಂದು ದಿನ ಅಮ್ಮ ಹಾಲು ಕರೆಯುತ್ತಾ, "ಯಾಕೋ ಈ ನಡುವೆ ಮನೆ ಬಿಕೋ ಅಂತದೆ ಕಣೇ" ಅಂದಿದ್ದಳು. "ಮಳೆಗಾಲ ಮುಗೀತಲ್ಲ ಅದಕ್ಕೆ" ಅಂದಿದ್ದೆ ನಾನು, ಏನೋ ತಿಳಿದವಳ ಹಾಗೆ.

ದೀಪಾವಳಿ ಕಳೆಯಿತು. ಅಕ್ಕ ಬಂದ ತಕ್ಷಣ ಬ್ಯಾಗ್ ಇಳಿಸುವ ಮೊದಲೇ ನನ್ನ ಮುಖ ನೋಡುತ್ತಿದ್ದಳು. ನಾನು ಇಲ್ಲ ಅಂತ ತಲೆ ಆಡಿಸುತ್ತಿದ್ದೆ. ಕೆಲವು ದಿನ ಆದಮೇಲೆ ಅವಳು ನೋಡುವುದನ್ನೂ ಬಿಟ್ಟಳು.

ಕೊನೆಗೆ ಭಾವ, "ಮೊದ್ಲು ಡಾಕ್ಟರ್‌ಗೆ ತೋರ್ಸಾನ, ಆಮೇಲ್ ನಿನ್ ರೂಲ್ಸು" ಅಂದರು. ಅಕ್ಕ ರಜೆ ಹಾಕಿದಳು. ಕೋಲಾರದ ಆಸ್ಪತ್ರೆಗೆ ಭಾವನ ಆಟೋದಲ್ಲೇ ಹೊರಟೆವು. ಮಗುವನ್ನು ಬಿಟ್ಟಿರಲಾರೆ ಅಂತ ಅವ್ವನೂ ಹತ್ತಿದಳು. ಅಲ್ಲಿ ಮೊದಲು ಕಿವಿ ಪರೀಕ್ಷೆ. ಅದೇ ಮೊದಲು ಮಾಡಬೇಕಾದದ್ದು, ಮಾತು ತಡವಾದರೆ ಮೊದಲು ಕಿವಿ ನೋಡಬೇಕು ಅಂತ ನನಗೆ ಆವತ್ತು ತಿಳಿಯಿತು. ಕಿವಿ ಚೆನ್ನಾಗಿತ್ತು. ಅಕ್ಕ ಹೊರಗಿನ ಬೆಂಚಿನ ಮೇಲೆ ಕೂತು ಅತ್ತುಬಿಟ್ಟಳು.

ಆಮೇಲೆ ಮಾತಿನ ಡಾಕ್ಟರಮ್ಮ. ಚಿಕ್ಕ ವಯಸ್ಸಿನವರು. ನೆಲದ ಮೇಲೆ ಚಾಪೆ ಹಾಸಿ ಪುಟ್ಟನ ಜೊತೆ ಕಾರಿನ ಆಟ ಆಡಿದರು. ಒಂದೂ ಪ್ರಶ್ನೆ ಕೇಳಲಿಲ್ಲ. ಅವನು ಕಾರು ನೋಡಿದರೆ ಕಾರಿನ ಬಗ್ಗೆ ಎರಡು ಮಾತು ಆಡಿ, ಆಮೇಲೆ ಸುಮ್ಮನೆ ಅವನ ಮುಖ ನೋಡುತ್ತಾ ಇರುತ್ತಿದ್ದರು. ಎಷ್ಟು ಹೊತ್ತು ಸುಮ್ಮನಿರುತ್ತಾರೆ ಇವರು ಅಂತ ನಾನು ಗಡಿಯಾರ ನೋಡುತ್ತಿದ್ದೆ. ನಾನು ನನ್ನ ನೋಟ್‌ಬುಕ್ ತೆಗೆದು ನಮ್ಮ ಮನೆಯ ರೂಲ್ಸ್ ಎಲ್ಲ ಓದಿ ಹೇಳಿದೆ, ಹೊಗಳುತ್ತಾರೆ ಅಂತ.

"ಹಗಲೆಲ್ಲ ಮಗು ಯಾರ ಜೊತೆ ಇರುತ್ತೆ?" ಅಂತ ಕೇಳಿದರು.

"ಅವ್ವನ ಜೊತೆ."

"ಅವರು ಅವನ ಜೊತೆ ಏನೇನು ಮಾತಾಡ್ತಾರೆ?"

ನಾನು ನೋಟ್‌ಬುಕ್ಕಿನ ಪುಟ ಹಿಂದೆ ಮುಂದೆ ತಿರುವಿದೆ. ಡಾಕ್ಟರಮ್ಮ ಅವ್ವನ ಕಡೆ ತಿರುಗಿ ಅದನ್ನೇ ತೆಲುಗಿನಲ್ಲಿ ಕೇಳಿದರು. ಅವ್ವ ನನ್ನನ್ನು ನೋಡಿದಳು, ಆಮೇಲೆ ಅವರನ್ನು ನೋಡಿ ಮೆಲ್ಲಗೆ ಹೇಳಿದಳು: "ನನ್ನು ಮಾಟ್ಲಾಡೊದ್ದನ್ನಾರು." ನನಗೆ ಮಾತಾಡಬೇಡ ಅಂದಿದ್ದಾರೆ.

ಅವ್ವ ಅದನ್ನು ದೂರು ಹೇಳಿದ ಹಾಗೆ ಹೇಳಲಿಲ್ಲ. ಡಾಕ್ಟರು ಉಪ್ಪು ತಿನ್ನಬೇಡ ಅಂದಿದ್ದಾರೆ ಅನ್ನುತ್ತಾರಲ್ಲ, ಹಾಗೆ ಹೇಳಿದಳು. ಅಕ್ಕ ನನ್ನ ಕಡೆ ನೋಡಲಿಲ್ಲ. ನಾನು ನೋಟ್‌ಬುಕ್ ಮುಚ್ಚಿದೆ.

ಡಾಕ್ಟರಮ್ಮ ಬೈಯಲಿಲ್ಲ. ಎರಡು ಮೂರು ಭಾಷೆ ಕೇಳಿದ್ದಕ್ಕೆ ಮಗುವಿಗೆ ಮಾತು ತಡವಾಗುವುದಿಲ್ಲ ಅಂದರು. ಯಾರಿಗೆ ಯಾವ ಭಾಷೆ ಬಾಯಿಗೆ ಸಲೀಸೋ ಅದರಲ್ಲೇ ಮಾತಾಡಿ, ಧಾರಾಳವಾಗಿ ಮಾತಾಡಿ. ಹೇಳು ಹೇಳು ಅಂತ ಕಾಡಬೇಡಿ. ಅವನು ನೋಡುತ್ತಿರುವುದನ್ನೇ ಹೇಳಿ, ಹೇಳಿ ಕಾಯಿರಿ, ಅವನ ಸರದಿಗೆ ಜಾಗ ಬಿಡಿ. ಆಮೇಲೂ ಬರದಿದ್ದರೆ ನಾನಿದ್ದೀನಲ್ಲ, ವಾರಕ್ಕೊಂದು ಸಲ ಕರೆದುಕೊಂಡು ಬನ್ನಿ. ಸಂಕ್ರಾಂತಿ ಆದಮೇಲೆ ಮತ್ತೆ ತೋರಿಸಿ. ಅಷ್ಟು ಹೇಳಿ, "ಈ ಮನೇಲಿ ಟೀಚರ್ ಇವರೇ" ಅಂತ ಅವ್ವನ ಮಂಡಿ ಮುಟ್ಟಿ ನಕ್ಕರು.

ದಾರಿಯುದ್ದಕ್ಕೂ ಅವ್ವ ಮಾತಾಡುತ್ತಾಳೆ ಅಂದುಕೊಂಡೆ. ಇಲ್ಲ. ಮನೆಗೆ ಬಂದ ಮೇಲೂ ಇಲ್ಲ. ಅಮ್ಮ ಹೇಳಿದಳು, ಭಾವ ಹೇಳಿದರು. ಅವ್ವ ತಲೆ ಆಡಿಸುತ್ತಿದ್ದಳು, ಮಗುವಿನ ಹತ್ತಿರ ಹೋದರೆ ಬಾಯಿ ಕಟ್ಟಿಹೋಗುತ್ತಿತ್ತು. ಮೂರನೇ ದಿನ ನಾನು ಅವಳ ಕಾಲ ಹತ್ತಿರ ಕೂತು, "ತಪ್ಪಾಯ್ತವ್ವಾ, ನಂದೇ ತಪ್ಪು" ಅಂದೆ.

"ನುವ್ವು ಪೆದ್ದ ಡಾಕ್ಟರಮ್ಮವಿ ಕದಾ," ಅಂದಳು. ನೀನು ದೊಡ್ಡ ಡಾಕ್ಟರಮ್ಮ ಅಲ್ಲವಾ. ಅಷ್ಟು ಅಂದದ್ದೇ ಅವಳ ಮುಖ ಸಣ್ಣಗಾಯಿತು. ತನ್ನಿಂದಲೇ ಮಗು ಹೀಗಾಯಿತೇನೋ ಅಂತ ಮೂರು ತಿಂಗಳು ನಿದ್ದೆ ಬಂದಿರಲಿಲ್ಲವಂತೆ. ಈಗ ಮಾತಾಡಿ, ಬರುವ ಮಾತೂ ನಿಂತುಹೋದರೆ? ನಾನು ಹೇಳಿದ್ದನ್ನು ಆ ಮನೆಯಲ್ಲಿ ನಿಜವಾಗಿ ನಂಬಿದವಳು ಅವಳೊಬ್ಬಳೇ ಆಗಿದ್ದಳು.

ಅದು ಅವರೆಕಾಯಿ ಕಾಲ. ಬೇತಮಂಗಲದ ಕಡೆಯಿಂದ ಮೂಟೆ ಮೂಟೆ ಸೊಗಡಿನ ಕಾಯಿ ಬರುತ್ತಿತ್ತು, ಬೀದಿಯೆಲ್ಲ ಅದೇ ವಾಸನೆ. ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ಹಿದುಕಿದ ಬೇಳೆ ಸಾರಿಲ್ಲದೆ ಊಟವಿಲ್ಲ. ಕಾಯಿ ಸುಲಿದು, ಕಾಳನ್ನು ನೀರಲ್ಲಿ ನೆನೆಸಿ, ಒಂದೊಂದನ್ನೇ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮಿ ಬೋಸಿಗೆ ಬೀಳುತ್ತದೆ. ಗಂಟೆಗಟ್ಟಲೆ ಕೂರುವ ಕೆಲಸ. ಒಂದು ಮಧ್ಯಾಹ್ನ ಹಿತ್ತಿಲ ಬಿಸಿಲಿನಲ್ಲಿ ಅವ್ವ, ನಾನು ಕೂತಿದ್ದೆವು. ಪುಟ್ಟ ಅವ್ವನ ಮಂಡಿಗೆ ಒರಗಿದ್ದ. ಅವನು ಕಾಳು ಬಾಯಿಗೆ ಹಾಕಿಕೊಳ್ಳದ ಹಾಗೆ ಅವ್ವ ಕಾಳಿನ ಪಾತ್ರೆಯನ್ನು ಸ್ವಲ್ಪ ಆಚೆಗಿಟ್ಟು ಒಂದು ಕಣ್ಣು ಅಲ್ಲೇ ಇಟ್ಟಿದ್ದಳು.

ಒಂದು ಕಾಳು ಜಾರಿತು. ಬೇಳೆ ಬೋಸಿಗೆ ಬೀಳದೆ ಮೇಲಕ್ಕೆ ಹಾರಿ, ಮಲಗಿದ್ದ ಕರುವಿನ ಬೆನ್ನ ಮೇಲೆ ಬಿದ್ದು, ಅಲ್ಲಿಂದ ಚರಂಡಿಗೆ ಹೋಯಿತು.

"ಪಾಯ!" ಅಂದಳು ಅವ್ವ. ಹೋಯ್ತು ಅಂತ. ಬಾಯಿ ತಪ್ಪಿ ಬಂದದ್ದು. ಅಂದವಳೇ ಒದ್ದೆ ಕೈಯಿಂದ ಬಾಯಿ ಮುಚ್ಚಿಕೊಂಡು ನನ್ನನ್ನು ನೋಡಿದಳು.

ಎಪ್ಪತ್ತು ದಾಟಿದ ಹೆಂಗಸು, ನನ್ನನ್ನು ಎತ್ತಿ ಆಡಿಸಿದವಳು, ನನಗೆ ಹೆದರಿ ಬಾಯಿ ಮುಚ್ಚಿಕೊಂಡಳು. ಇಷ್ಟು ವರ್ಷ ಆದರೂ ಆ ಕಣ್ಣು ನಾನು ಮರೆತಿಲ್ಲ.

ಅಷ್ಟರಲ್ಲಿ ಪುಟ್ಟ ನಕ್ಕ. ಗೊಳ್ಳನೆ, ಹಿಂದಕ್ಕೆ ಬೀಳುವ ಹಾಗೆ ನಕ್ಕ. ನಕ್ಕು, ಕೈ ನೀಡಿ ಕಾಳಿನ ಪಾತ್ರೆಯಿಂದ ಒಂದು ಕಾಳು ತೆಗೆದು ಅವ್ವನ ಕೈಗೆ ಇಟ್ಟ. ಇನ್ನೊಂದು ಸಲ ಮಾಡು ಅನ್ನುವ ಹಾಗೆ.

"ಅನ್ನವ್ವಾ," ಅಂದೆ ನಾನು. "ನಿನ್ ದಮ್ಮಯ್ಯ, ಇನ್ನೊಂದ್ ಸಲ ಅನ್ನು."

ಅವ್ವ ಒತ್ತಿದಳು. ಬೇಳೆ ಹಾರಿತು. "ಪಾಯ!" ಪುಟ್ಟ ಮತ್ತೆ ನಕ್ಕ, ಮತ್ತೆ ಕಾಳು ಕೊಟ್ಟ. ಒಂದು, ಎರಡು, ಐದು. ಅವ್ವ ಕಾಳಿಗೆ ಬೈಯತೊಡಗಿದಳು, ಓಡಿಹೋಗುತ್ತೀಯೇನೇ, ನಿಮ್ಮತ್ತೆ ಮನೆಗೆ ಹೊರಟೆಯಾ ಅಂತೆಲ್ಲ ತೆಲುಗಿನಲ್ಲಿ. ಆವತ್ತಿನ ಸಾರಿನ ಅರ್ಧ ಬೇಳೆ ಹಿತ್ತಿಲ ಮಣ್ಣಿನಲ್ಲಿತ್ತು.

ಆಮೇಲೆ ಅವನನ್ನು ಆಟ ಆಡಿಸಲು ಅಂತ ಅವ್ವ ಕಾಳನ್ನು ಅರ್ಧ ಒತ್ತಿ ನಿಲ್ಲಿಸಿದಳು. ಬೇಳೆಯ ತುದಿ ಸಿಪ್ಪೆಯಿಂದ ಇಣುಕುತ್ತಿತ್ತು. ಅವನ ಮುಖ ನೋಡುತ್ತಾ ಹುಬ್ಬು ಮೇಲೆತ್ತಿ ಸುಮ್ಮನಿದ್ದಳು. ಅಭ್ಯಾಸ ನೋಡಿ, ನಾನು "ಹೇಳು ಪುಟ್ಟ" ಅನ್ನಲು ಬಾಯಿ ತೆರೆದೆ. ಅವ್ವ ಇನ್ನೊಂದು ಕೈಯಿಂದ ನನ್ನ ತೊಡೆಗೆ ಚಿವುಟಿದಳು. ಪುಟ್ಟ ಬೇಳೆ ನೋಡಿದ. ಅವ್ವನ ಬಾಯಿ ನೋಡಿದ. ಮತ್ತೆ ಬೇಳೆ ನೋಡಿದ. ಕರು ಕಿವಿ ಕೊಡವಿತು. ಅವನ ತುಟಿ ಎರಡು ಸಲ ಸೇರಿ ಬಿಟ್ಟಿತು.

"ಪಾಯ."

ಅವ್ವ ಬೆರಳು ಒತ್ತಿದಳು. ಬೇಳೆ ಎಲ್ಲಿ ಹೋಯಿತೋ ಯಾರೂ ನೋಡಲಿಲ್ಲ.

ಅಮ್ಮ ಹಾಲಿನ ಕ್ಯಾನ್ ಹಿಡಿದುಕೊಂಡು ಓಡಿಬಂದಳು. ಪಕ್ಕದ ಮನೆ ಅತ್ತೆ ಕಾಂಪೌಂಡ್ ಹತ್ತಿ, ಮೂರು ತಿಂಗಳು ತಡೆದುಕೊಂಡಿದ್ದ ತಮಿಳನ್ನೆಲ್ಲ ಒಂದೇ ಸಲ ಅವನ ಮೇಲೆ ಸುರಿದರು. ಅಕ್ಕನಿಗೆ ಫೋನಿನಲ್ಲಿ ಹೇಳಬಾರದು, ಅವಳೇ ಬಂದು ಕೇಳಲಿ ಅಂತ ತೀರ್ಮಾನವಾಯಿತು.

ಸಂಜೆ ಅಕ್ಕ ಬಂದಳು. ಎಲ್ಲರೂ ಸುತ್ತ ನಿಂತೆವು. ಅವ್ವ ಕಾಳು ಹಿಡಿದಳು. ಪುಟ್ಟ ತುಟಿ ಬಿಗಿಹಿಡಿದು ಅಕ್ಕನ ಕುತ್ತಿಗೆಗೆ ಮುಖ ಹುದುಗಿಸಿದ. ಎಷ್ಟು ಕಾಳು ಹಾರಿದರೂ ಇಲ್ಲ.

"ಬುಡ್ರಿ," ಅಂದಳು ಅಕ್ಕ. "ನನ್ ಸಮಾಧಾನಕ್ಕೆ ಯೋಳ್ತಿದೀರ ಅಂತ ನಂಗೊತ್ತಾಗಲ್ವಾ?"

"ನಿನ್ನಾಣೆ ಕಣೇ, ಅಂದ!" ಅಂತ ಅಮ್ಮ. ಅಕ್ಕ ನಗಲು ನೋಡಿ, ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಬೆಳಿಗ್ಗೆ ಎಂದಿನ ಹಾಗೆ ಅಕ್ಕ ಡಬ್ಬಿ ಬ್ಯಾಗಿಗೆ ಹಾಕಿಕೊಂಡು ಆಟೋ ಹತ್ತಿದಳು. ಮಂಜಿತ್ತು. ಅವ್ವ ಪುಟ್ಟನಿಗೆ ಶಾಲು ಸುತ್ತಿ ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ತನ್ನಮ್ಮ ಹೊರಡುವಾಗ ಅವನು ಎಂದೂ ಅಳುವವನಲ್ಲ, ಹೋಗುವುದನ್ನು ಸುಮ್ಮನೆ ನೋಡುತ್ತಿದ್ದ. ಭಾವ ಸ್ಟಾರ್ಟ್ ಮಾಡಿದರು. ಆಟೋ ನಾಲ್ಕು ಮಾರು ಮುಂದೆ ಹೋಯಿತು.

"ಅಮ್ಮ ಪಾಯ," ಅಂದ ಪುಟ್ಟ.

ಗಟ್ಟಿಯಾಗಿಯೇ ಅಂದ. ಆಟೋದ ಸದ್ದಿನಲ್ಲಿ ಕೇಳಿಸುವಷ್ಟು. ಎರಡು ಮಾತು! ಆಟೋ ನಿಂತಿತು. ಅಕ್ಕ ಇಳಿದಳು. ಬ್ಯಾಗ್ ಅಲ್ಲೇ ಬಿಟ್ಟು, ಒಂದು ಚಪ್ಪಲಿ ದಾರಿಯಲ್ಲೇ ಕಳಚಿ, ವಾಪಸ್ ನಡೆದು ಬಂದು ಅವ್ವನ ಮುಂದೆ ನಿಂತಳು. ಅವನನ್ನು ಎತ್ತಿಕೊಳ್ಳಲಿಲ್ಲ. ಅವ್ವನ ಇನ್ನೊಂದು ಕೈ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಪುಟ್ಟ ಮೇಲಿಂದ ಅವಳ ತಲೆಯ ಹೂವು ಕೀಳುತ್ತಿದ್ದ.

ಭಾವ ಹಾರ್ನ್ ಹೊಡೆದರು. "ಏ, ರೈಲು ಓಯ್ತದೆ ಕಣಮ್ಮೀ!"

"ಓಗ್ಲಿ ಬುಡ್ರೀ," ಅಂದಳು ಅಕ್ಕ. "ನಾಳೆ ಬತ್ತದೆ."